ಕಂಬಂ ಕಣಿವೆಯಿಂದ ಬಂದ ಹಾಡು

ಹಾಡಿನ ಹುಚ್ಚಿಗೆ ಮದ್ದಿಲ್ಲ. ನಮ್ಮ ಮನೆಯಲ್ಲಿ ಸದ್ಯ ಆ ಹುಚ್ಚು ಹಿಡಿದಿರುವುದು ಹತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳಿಗೆ. ಬೆಳಗ್ಗೆ ಹಲ್ಲುಜ್ಜುವಾಗ ಅದೇ ಹಾಡು, ಶಾಲೆಯಿಂದ ಬಂದು ಚೀಲ ಬಿಸಾಡುವಾಗ ಅದೇ ಹಾಡು, ರಾತ್ರಿ ಲೆಕ್ಕ ಮಾಡುವಾಗಲೂ ಕಿವಿಯಲ್ಲಿ ಅದೇ ಹಾಡು. ಕನ್ನಡದ್ದಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಅದು ಮಲೆಯಾಳದ್ದು, ಅದರಲ್ಲೂ ಡ್ರಮ್ಮು, ವಿದ್ಯುತ್ ಗಿಟಾರುಗಳ ರಾಕ್ ಹಾಡು. ಅವಿಯಲ್ ಎಂಬ ತಂಡದವರ ‘ನಡ ನಡ’. 2003ರಲ್ಲಿ, ಅಂದರೆ ಅವಳು ಹುಟ್ಟುವುದಕ್ಕೂ ಮೊದಲೇ, ಬಂದ ಹಾಡದು.

ಒಂದು ಸಂಜೆ ತಡೆಯಲಾರದೆ, “ಇದು ಕನ್ನಡದ ಮನೆ ಮಗೂ, ಹೊರಗೆ ಹೇಗೂ ಇಡೀ ದಿನ ಆ ಭಾಷೆಯೇ. ಮನೆಯೊಳಗಾದರೂ ಒಂದು ಕನ್ನಡದ ಹಾಡು ಕೇಳಬಾರದೆ?” ಎಂದೆ. ಅವಳು ಕಿವಿಯ ತಂತಿ ತೆಗೆದು, “ಹಾಡು ಕೇಳಿದರೆ ಮನೆ ಬದಲಾಗುತ್ತದೆಯೆ ಅಜ್ಜ?” ಎಂದಳು. ನಾನು ಉತ್ತರ ಹುಡುಕುತ್ತಿದ್ದಾಗ ಅಡುಗೆಮನೆಯಿಂದ ನನ್ನ ಹೆಂಡತಿ, “ನಿಮ್ಮ ಕ್ಯಾಸೆಟ್ಟಿನ ಕತೆ ಅವಳಿಗೆ ಹೇಳಿದ್ದೀರಾ?” ಎಂದು ಕೇಳಿದಳು. ಹೇಳಿರಲಿಲ್ಲ. ಹೇಳಬೇಕೆಂದು ಹೊರಟದ್ದು ಇಷ್ಟುದ್ದಕ್ಕೆ ಬೆಳೆಯಿತು.

ಒಂದು ಕ್ಯಾಸೆಟ್ಟಿನ ಕತೆ

1981ರಲ್ಲಿ ಶಂಕರನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ಚಿತ್ರ ಬಂತು. ನನಗಾಗ 20 ವರ್ಷ. ಚಿತ್ರ ನೋಡುವ ಮೊದಲೇ ಅದರ ಹಾಡುಗಳು ನಮ್ಮ ಮನೆಯನ್ನು ತಲುಪಿದ್ದವು. ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ 1976ರಲ್ಲಿ ಆರಂಭವಾದ ಮೇಲೆ ಗಡಿಯ ಈಚೆಗಿರುವ ನಮ್ಮಂಥವರಿಗೆ ಕನ್ನಡ ಗಾಳಿಯಲ್ಲಾದರೂ ಸಿಗುತ್ತಿತ್ತು. ಹಾಗೆ ಒಂದು ದಿನ ‘ಜೊತೆಯಲಿ’ ಎಂದು ಆರಂಭವಾಗುವ ಯುಗಳಗೀತೆ ಕಿವಿಗೆ ಬಿತ್ತು. ಎಸ್. ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಹಾಡಿದ್ದು. ಅಷ್ಟೇ. ಮರುದಿನದಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದರು.

ಗಲ್ಫಿನಿಂದ ಬಂದ ನೆರೆಮನೆಯ ಗೆಳೆಯನ ಟೇಪ್ ರೆಕಾರ್ಡರು ನಮ್ಮ ಊರಿನ ಆಗಿನ ವೈಭವ. ಅವನಿಂದ ಕ್ಯಾಸೆಟ್ಟನ್ನೂ ಯಂತ್ರವನ್ನೂ ಎರವಲು ತಂದು, ಹಾಡು ಮುಗಿದ ಕೂಡಲೇ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುತ್ತಿದ್ದೆ. ಟೇಪು ಸಡಿಲವಾದರೆ ಪೆನ್ಸಿಲು ತೂರಿಸಿ ಸುತ್ತುತ್ತಿದ್ದೆ. ಮಾತು ಬಾಯಿಗೆ ಬಂದ ಮೇಲೆ ಪಿಟೀಲುಗಳ ಸಾಲನ್ನೂ, ಅದು ಮುಗಿದ ಮೇಲೆ ಗಿಟಾರಿನ ಮೀಟನ್ನೂ ಬಾಯಲ್ಲೇ ನುಡಿಸುತ್ತ ತೋಟದಲ್ಲಿ ಅಡಕೆ ಹೆಕ್ಕುತ್ತಿದ್ದೆ. ಪ್ರೀತಿಸಲು ಎದುರಿಗೆ ಯಾರೂ ಇರಲಿಲ್ಲ, ಹಾಡನ್ನೇ ಪ್ರೀತಿಸುತ್ತಿದ್ದೆ. ಆ ವಯಸ್ಸಿನಲ್ಲಿ ಹಾಡಿನ ಮೋಹ ಹೀಗೇ ಇರುತ್ತದೆ. ಇಡೀ ಲೋಕದಲ್ಲಿ ಆ ಹಾಡು ಅರ್ಥವಾದದ್ದು ತನಗೊಬ್ಬನಿಗೇ ಎಂಬ ಭ್ರಮೆ. ಜೊತೆಗೆ, ಸಿಕ್ಕಸಿಕ್ಕವರಿಗೆಲ್ಲ ಅದನ್ನು ಕೇಳಿಸಬೇಕೆಂಬ ತವಕ.

ತಂದೆಯವರಿಗೂ ಕೇಳಿಸಿದೆ. ಅವರು ಯಕ್ಷಗಾನದ ಚೆಂಡೆ, ಮದ್ದಳೆಗಳಲ್ಲಿ ಬೆಳೆದವರು. ಹೆಚ್ಚೆಂದರೆ ಪಿ. ಕಾಳಿಂಗರಾಯರ ಭಾವಗೀತೆಗಳಿಗೆ ತಲೆದೂಗುತ್ತಿದ್ದರು. ಪೂರ್ತಿ ಕೇಳಿ, “ಮಾತು ಕನ್ನಡ, ಸರಿ. ಆದರೆ ಇದು ನಮ್ಮ ನಾಡಿನ ಹಾಡಲ್ಲ. ಈ ಗಿಟಾರು ನಮ್ಮದಲ್ಲ, ಈ ಧಾಟಿ ನಮ್ಮದಲ್ಲ. ಇಂಥದ್ದನ್ನು ಕೇಳಿ ಕೇಳಿ ಕೊನೆಗೆ ನಮ್ಮದೆಂಬುದೇ ನಿಮಗೆ ಮರೆತುಹೋಗುತ್ತದೆ” ಎಂದರು. ನಾನು ಎರಡು ದಿನ ಅವರೊಡನೆ ಮಾತಾಡಲಿಲ್ಲ. ನಲವತ್ತು ವರ್ಷಗಳ ಮೇಲೆ ಮೊಮ್ಮಗಳಿಗೆ ನಾನು ಹೇಳಿದ್ದೂ ಹೆಚ್ಚುಕಡಿಮೆ ಅದೇ ಮಾತು!

ಹಾಗಾದರೆ ಆ ಹಾಡು ಯಾರದು? ತಂದೆಯವರ ಮಾತಿಗೆ ಅಂದು ಉತ್ತರ ಕೊಡಲು ನನಗೆ ತಿಳಿದಿರಲಿಲ್ಲ. ಆಮೇಲೆ ಅದರ ಕುಲಗೋತ್ರ ವಿಚಾರಿಸಿದೆ.

ಹಾಡಿನ ಕುಲಗೋತ್ರ

ಮಾತು ಬರೆದವರು ಚಿ. ಉದಯಶಂಕರ್, ಅವರು ಕನ್ನಡಿಗರು. ಹಾಡಿದ ಇಬ್ಬರೂ ತೆಲುಗು ಮನೆಮಾತಿನವರು. ಚಿತ್ರ ಮಾಡಿ, ತೆರೆಯ ಮೇಲೆ ಹಾಡುಗಾರನಾಗಿ ಕಾಣಿಸಿಕೊಂಡ ಶಂಕರನಾಗ್ ಉತ್ತರ ಕನ್ನಡದ ಹೊನ್ನಾವರದ ಕಡೆಯ ಕೊಂಕಣಿ ಮನೆಯವರು. ರಾಗ ಕಟ್ಟಿದ ಇಳಯರಾಜ ತಮಿಳರು. ಅವರ ಊರು ತಮಿಳುನಾಡಿನ ತೇನಿ ಜಿಲ್ಲೆಯ ಪಣ್ಣೈಪುರಂ. ನಮ್ಮ ಪೀಳಿಗೆಯ ಕನ್ನಡ ಹುಡುಗರೆಲ್ಲ ತಮ್ಮದೆಂದು ಎದೆಗೊತ್ತಿಕೊಂಡ ಪ್ರೇಮಗೀತೆ ಹೀಗೆ ನಾಲ್ಕು ಮನೆಮಾತುಗಳ ಕೂಡುಕುಟುಂಬದಲ್ಲಿ ಹುಟ್ಟಿದ್ದು. ಗಡಿನಾಡಿನವರಾದ ನಮಗೆ ಇದರಲ್ಲಿ ಆಶ್ಚರ್ಯವಿರಬಾರದು. ನಮ್ಮ ಊರಿನ ಯಾವ ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತರೂ ಅಷ್ಟು ಭಾಷೆ ಕೇಳಿಸುತ್ತದೆ ತಾನೆ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಊರಿನ ಹೆಸರು. ಪಣ್ಣೈಪುರಂ ಇರುವುದು ಕಂಬಂ ಕಣಿವೆಯಲ್ಲಿ. ಕಂಬಂ ಎಂದರೆ ಕನ್ನಡ ಮಾತಾಡುವ ಒಕ್ಕಲು ಮಕ್ಕಳು ತಲೆತಲಾಂತರದಿಂದ ನೆಲೆಸಿರುವ ಸೀಮೆ ಎಂದು ಎಲ್ಲೋ ಓದಿದ್ದು ನೆನಪಿಗೆ ಬಂತು. ರಾಗ ಕೊಟ್ಟ ನೆಲದಲ್ಲೇ ನಮ್ಮ ಮಾತೂ ಇದೆಯಲ್ಲ ಎಂದು ಆ ಕಣಿವೆಯ ಚರಿತ್ರೆಯ ಬೆನ್ನು ಹತ್ತಿದೆ.

ಕಣಿವೆಯೂ ಕನ್ನಡವೂ

ಕೇರಳದ ಕುಮಳಿಯಿಂದ ಘಟ್ಟವಿಳಿದರೆ ಸಿಗುವುದೇ ಕಂಬಂ ಕಣಿವೆ. ಪಶ್ಚಿಮಕ್ಕೆ ಏಲಕ್ಕಿ ಮಲೆ, ಎದುರಿಗೆ ಮೇಘಮಲೆ. ನಡುವೆ ಗೂಡಲೂರು, ಕಂಬಂ, ಉತ್ತಮಪಾಳೆಯಂ, ಚಿನ್ನಮನೂರು, ಆಮೇಲೆ ತೇನಿ. 1895ರಲ್ಲಿ ಪೆನ್ನಿಕ್ವಿಕ್ ಎಂಬ ಇಂಜಿನಿಯರನ ಮುಂದಾಳುತನದಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು, ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಬೆಟ್ಟದೊಳಗಿನ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿತು. ಅಂದಿನಿಂದ ಈ ಕಣಿವೆ ಭತ್ತ, ತೆಂಗು, ದ್ರಾಕ್ಷಿಗಳ ನಾಡು. ಕೇರಳದ ಮಳೆಯಲ್ಲಿ ತಮಿಳಿನ ಪೈರು. ಗಡಿ ಎಂಬುದು ನೀರಿಗೂ ಅಡ್ಡವಾಗಲಿಲ್ಲ.

ಈ ಸೀಮೆಯ ಕನ್ನಡಿಗರ ಕುರಿತು ಇಂಗ್ಲಿಷರ ಕಾಲದ ಬರಹಗಳಿವೆ. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಮಧುರೆ ಜಿಲ್ಲೆಯ ಗೆಜೆಟಿಯರ್, 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳು, ಇವೆರಡರಲ್ಲೂ ಕಪ್ಪಿಲಿಯರು, ಅನುಪ್ಪರು ಎಂಬ ಕನ್ನಡ ಮಾತಿನ ಬೇಸಾಯಗಾರರ ವಿವರ ಸಿಗುತ್ತದೆ. ಉತ್ತರದ ಕನ್ನಡ ಸೀಮೆಯಿಂದ ಇಳಿದು ಬಂದವರೆಂಬುದು ಅವರ ಹೇಳಿಕೆ. ಹೆಸರಿನ ಕೊನೆಗೆ ಗೌಂಡರ್ ಎಂಬ ಬಿರುದು. ಅದು ನಮ್ಮ ಗೌಡನೇ.

ಕಂಬಂನ ಕಪ್ಪಿಲಿಯರು ಸಾಕುತ್ತಿದ್ದ ಒಂದು ದೇವರ ಹಿಂಡಿನ ವರ್ಣನೆಯೂ ಅಲ್ಲಿದೆ. ಅದರ ಹಸುಗಳನ್ನು ಕರೆಯುವಂತಿಲ್ಲ, ಕರುಗಳನ್ನು ಮಾರುವಂತಿಲ್ಲ. ಹಿಂಡಿನ ರಾಜನಾದ ಹೋರಿ ಸತ್ತರೆ ಹೊಸದನ್ನು ಆರಿಸುವ ಕ್ರಮವೂ ಚೆಂದ. ಶುಭದಿನದಲ್ಲಿ ಹಿಂಡನ್ನೆಲ್ಲ ಸೇರಿಸಿ ಎದುರಿಗೆ ಕಬ್ಬು ಇಡುತ್ತಾರೆ. ಯಾವುದು ಮೊದಲು ಬಂದು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ, ಮೆರವಣಿಗೆ. ಈ ಹಿಂಡಿಗೆ ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದು ಹೆಸರು. ಮನೆಮಾತಿನಲ್ಲಿ ಅವರು ಹೇಳುತ್ತಿದ್ದದ್ದು ‘ದೇವರು ಆವು’ ಎಂದು! ‘ಆವು’ ಎಂಬ ಶಬ್ದವನ್ನು ನಾವು ಹಳೆಯ ಕಾವ್ಯಗಳ ಪಾಠದಲ್ಲಿ ಅರ್ಥ ಬರೆದು ಕಲಿತವರು. ಅದು ಆ ಕಣಿವೆಯಲ್ಲಿ ಹುಲ್ಲು ಮೇಯುತ್ತ ಬದುಕಿತ್ತು.

ದಿಂಡುಗಲ್ಲಿನ ಚರಿತ್ರೆಯಂತೂ ನಮ್ಮ ಮಂಗಳೂರಿನ ಹೆಸರನ್ನೇ ಹೊತ್ತಿದೆ. ಹದಿನೆಂಟನೆಯ ಶತಮಾನದಲ್ಲಿ ಆ ಕೋಟೆ ಮೈಸೂರಿನ ವಶದಲ್ಲಿತ್ತು. 1755ರಲ್ಲಿ ಹೈದರಾಲಿ ಅಲ್ಲಿಗೆ ಫೌಜುದಾರನಾಗಿ ಹೋದ. ಅವನ ಏಳಿಗೆಯ ಮೊದಲ ಮೆಟ್ಟಿಲೇ ಆ ಬಂಡೆಯ ಕೋಟೆ. 1783ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು. 1784ರ ಮಂಗಳೂರು ಒಪ್ಪಂದದ ಪ್ರಕಾರ ಟಿಪ್ಪುವಿಗೆ ಮರಳಿಸಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅದು ಕಾಯಮ್ಮಾಗಿ ಕಂಪನಿಯ ಪಾಲಾಯಿತು. ಕಂಬಂನ ಒಕ್ಕಲುಗಳು ಹೈದರನ ಹಿಂದೆ ಹೋದವರಲ್ಲ, ಅದಕ್ಕೂ ಹಿಂದಿನವರು. ಆದರೂ ಆ ದಾರಿಯಲ್ಲಿ ಕನ್ನಡ ಹೊಸದಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಮುಂದೆ ದಿಂಡುಗಲ್ಲೂ ಕಂಬವೂ ಮಧುರೆ ಜಿಲ್ಲೆಯೊಳಗಿದ್ದವು. 1985ರಲ್ಲಿ ದಿಂಡುಗಲ್ಲು, 1996ರಲ್ಲಿ ತೇನಿ ಬೇರೆ ಜಿಲ್ಲೆಗಳಾದವು. ಇಳಯರಾಜ ಹುಟ್ಟಿದ 1943ರಲ್ಲಿ ಆ ಮಧುರೆ ಜಿಲ್ಲೆಯೂ ನಮ್ಮ ಕಾಸರಗೋಡನ್ನೊಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯೂ ಒಂದೇ ಮದ್ರಾಸ್ ಪ್ರಾಂತದಲ್ಲಿದ್ದವು. ನಮ್ಮ ತಂದೆ “ನಮ್ಮ ನಾಡಿನದಲ್ಲ” ಎಂದ ರಾಗವನ್ನು ಕಟ್ಟಿದಾತ, ಹುಟ್ಟುವಾಗ ಅವರ ಪ್ರಾಂತದವನೇ ಆಗಿದ್ದ!

ಅಣ್ಣತಮ್ಮಂದಿರ ಮೇಳ

ಇಳಯರಾಜರನ್ನು ಮನೆಯವರು ಕರೆಯುತ್ತಿದ್ದದ್ದು ರಾಸಯ್ಯ ಎಂದು. ಅವರ ಹಿರಿಯ ಅಣ್ಣ ಪಾವಲರ್ ವರದರಾಜನ್ ಕಮ್ಯೂನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತಿದ್ದವರು. ತಮ್ಮಂದಿರನ್ನು ಸೇರಿಸಿಕೊಂಡು ಹಾರ್ಮೋನಿಯಂ ಹೊತ್ತು ಊರೂರು ತಿರುಗುತ್ತಿದ್ದರು. ಜನಕ್ಕೆ ಗೊತ್ತಿದ್ದ ಧಾಟಿಗೆ ತಮ್ಮ ಮಾತು ಹೊಂದಿಸಿ, ಇಲ್ಲವೇ ಹೊಸ ಧಾಟಿಯನ್ನೇ ಕಟ್ಟಿ, ಗದ್ದೆಯ ಕೂಲಿ, ಎಸ್ಟೇಟಿನ ಸಂಬಳಗಳ ಕುರಿತು ಹಾಡುವ ಮೇಳ ಅದು. ಹದಿಹರೆಯದಲ್ಲೇ ರಾಸಯ್ಯ ಅದಕ್ಕೆ ಸೇರಿಕೊಂಡ.

ಇಲ್ಲಿ ನಮ್ಮ ಚರಿತ್ರೆ ಅವರದ್ದನ್ನು ಹಾಯುತ್ತದೆ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಕಾಸರಗೋಡು ಕೇರಳಕ್ಕೆ ಸೇರಿದ್ದು ನಮಗೆ ಗೊತ್ತು. ಅದೇ ದಿನ ಅದೇ ಕಾನೂನಿನಂತೆ, ತಿರುವಿತಾಂಕೂರಿನಲ್ಲಿದ್ದ ದೇವಿಕುಳಂ, ಪೀರುಮೇಡು ತಾಲೂಕುಗಳೂ ಕೇರಳದಲ್ಲೇ ಉಳಿದವು. ಚಹಾ ತೋಟಗಳಲ್ಲಿ ದುಡಿಯುವ ತಮಿಳರು ತುಂಬಿದ್ದ ಆ ತಾಲೂಕುಗಳು ತಮಗೆ ಬರಬೇಕೆಂದು ತಮಿಳರು ಹೋರಾಡಿದ್ದರು. ಒಂದೇ ರಾಜ್ಯದ ಉತ್ತರದ ತುದಿಯಲ್ಲಿ ಕನ್ನಡದ ಅಲ್ಪಸಂಖ್ಯಾತರು, ಮೂಡಣ ಘಟ್ಟದಲ್ಲಿ ತಮಿಳು ಅಲ್ಪಸಂಖ್ಯಾತರು. ನಮ್ಮ ಅಳಲು ನಮಗೇ ವಿಶೇಷವೆಂದು ತಿಳಿದಿದ್ದೆವು, ಅದಕ್ಕೆ ಜೊತೆಯಿತ್ತು.

1957ರಲ್ಲಿ ದೇವಿಕುಳದಿಂದ ಕಮ್ಯೂನಿಸ್ಟ್ ಪಕ್ಷದ ರೋಸಮ್ಮ ಪುನ್ನೂಸ್ ಗೆದ್ದರು. ಕೇರಳ ವಿಧಾನಸಭೆಯಲ್ಲಿ ಮೊಟ್ಟಮೊದಲು ಪ್ರಮಾಣವಚನ ಸ್ವೀಕರಿಸಿದವರು ಅವರೇ. ಆಮೇಲೆ ಆ ಆಯ್ಕೆ ನ್ಯಾಯಾಲಯದಲ್ಲಿ ರದ್ದಾಗಿ 1958ರಲ್ಲಿ ಮರುಚುನಾವಣೆ ನಡೆಯಿತು. ಇ. ಎಂ. ಎಸ್. ಸರಕಾರದ ಬಹುಮತ ತೀರ ತೆಳುವಾಗಿದ್ದ ಕಾಲ. ಒಂದು ಸ್ಥಾನವೂ ದೊಡ್ಡದು. ತಮಿಳು ಕೂಲಿಯವರ ಮನಸ್ಸು ಮುಟ್ಟಲು ತಮಿಳಿನ ಹಾಡೇ ಬೇಕು. ಪಣ್ಣೈಪುರದ ಸೋದರರು ಘಟ್ಟ ಹತ್ತಿದರು. ಎಸ್ಟೇಟಿನ ಸಾಲುಮನೆಗಳ ಮುಂದೆ ಹಾಡಿದರು. ರೋಸಮ್ಮ ಮತ್ತೆ ಗೆದ್ದರು. ಗೆಲುವಿನಲ್ಲಿ ಆ ಹಾಡುಗಳ ಪಾಲೂ ಇತ್ತೆಂಬ ಮಾತು ಉಳಿದಿದೆ. ರಾಸಯ್ಯನಿಗೆ ಆಗ ನನ್ನ ಮೊಮ್ಮಗಳ ವಯಸ್ಸು.

ಮೊಮ್ಮಗಳ ಭಾಷೆಯಲ್ಲಿ ‘ಇಂಡಿ’ ಎಂಬ ಒಂದು ಪದವಿದೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಜನಕ್ಕೆ ಮುಟ್ಟಿಸುವ ತಂಡಗಳ ಸಂಗೀತಕ್ಕೆ ಆ ಹೆಸರು. ಸ್ವತಂತ್ರ ಎಂಬರ್ಥದ ಇಂಗ್ಲಿಷ್ ಶಬ್ದದ ಮೊಟಕು ರೂಪ. 1977ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡದವರು ಸಾಲ ಮಾಡಿ ತಮ್ಮ ಮೊದಲ ತಟ್ಟೆಯನ್ನು ತಾವೇ ಹೊರತಂದದ್ದು ಆ ದಾರಿಯ ಮೊದಲ ಹೆಜ್ಜೆಗಳಲ್ಲೊಂದು ಎನ್ನುತ್ತಾರೆ. ಇದನ್ನೆಲ್ಲ ಅವಳು ನನಗೆ ವಿವರಿಸಿದಾಗ ನಾನು ಪಾವಲರ ಮೇಳದ ಕತೆ ಹೇಳಿದೆ. ಕಂಪನಿಯಿಲ್ಲ, ತಟ್ಟೆಯಿಲ್ಲ, ಟಿಕೆಟ್ಟಿಲ್ಲ. ಒಂದು ಹಾರ್ಮೋನಿಯಂ, ನಾಲ್ಕು ಕಂಠ. “ಹಾಗಾದರೆ ಅದೂ ಇಂಡಿಯೇ ಅಜ್ಜ” ಎಂದಳು. ನಮ್ಮ ಯಕ್ಷಗಾನದ ಬಯಲಾಟದ ಮೇಳಗಳನ್ನೂ ಸೇರಿಸೋಣವೇ ಎಂದೆ. ನಕ್ಕಳು, ಇಲ್ಲ ಎನ್ನಲಿಲ್ಲ.

ಮದ್ರಾಸಿನ ಕನ್ನಡ ಗರಡಿ

1968ರಲ್ಲಿ ಸೋದರರು ಮದ್ರಾಸಿಗೆ ಹೋದರು. ಅಲ್ಲಿ ಧನರಾಜ್ ಮಾಸ್ತರರ ಬಳಿ ರಾಸಯ್ಯ ಪಾಶ್ಚಾತ್ಯ ಸಂಗೀತದ ಬರವಣಿಗೆ, ಗಿಟಾರು, ಪಿಯಾನೋ ಕಲಿತರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗಿಟಾರು ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದರು. ಹೊಟ್ಟೆಪಾಡಿಗೆ ಸಿನೆಮಾ ವಾದ್ಯಗೋಷ್ಠಿಗಳಲ್ಲಿ ನುಡಿಸಿದರು. ನಾವು ಗಮನಿಸಬೇಕಾದ ಸಂಗತಿ ಇಲ್ಲಿದೆ. ಅವರು ಹೆಚ್ಚಾಗಿ ದುಡಿದದ್ದು ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರ ಸಹಾಯಕರಾಗಿ.

ಜಿ. ಕೆ. ವೆಂಕಟೇಶ್ ಎಂದರೆ ‘ಸಂಧ್ಯಾರಾಗ’, ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳ ವೆಂಕಟೇಶ್, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜಕುಮಾರರಿಂದ ಹಾಡಿಸಿದ ವೆಂಕಟೇಶ್. ಅವರು ಗುನುಗಿದ ಧಾಟಿಯನ್ನು ಸ್ವರದಲ್ಲಿ ಬರೆದು ಪಿಟೀಲಿಗಿಷ್ಟು, ಕೊಳಲಿಗಿಷ್ಟು, ಗಿಟಾರಿಗಿಷ್ಟು ಎಂದು ಹಂಚುವ ಕೆಲಸದಲ್ಲಿ ಈ ಕಣಿವೆಯ ಹುಡುಗ ಪಳಗಿದ. ಅಂಥ ಸುಮಾರು 200 ಚಿತ್ರಗಳಲ್ಲಿ ದುಡಿದರೆಂದು ಲೆಕ್ಕ. ಅವುಗಳಲ್ಲಿ ಹೆಚ್ಚಿನವು ಕನ್ನಡದವು. 1976ರಲ್ಲಿ ‘ಅನ್ನಕ್ಕಿಳಿ’ಯ ಮೂಲಕ ಇಳಯರಾಜ ಎಂಬ ಹೊಸ ಹೆಸರಿನಲ್ಲಿ ತಮಿಳು ನಾಡನ್ನೇ ಗೆದ್ದದ್ದು ಆಮೇಲಿನ ಮಾತು. ಕಂಬಂ ಕಣಿವೆಯ ನಾಟಿ ಹಾಡಿನ ಧಾಟಿಗೆ ಮದ್ರಾಸಿನ ವಾದ್ಯಗೋಷ್ಠಿಯ ಅಂಗಿ ತೊಡಿಸುವುದನ್ನು ಅವರು ಅಭ್ಯಾಸ ಮಾಡಿದ ಗರಡಿಗಳಲ್ಲಿ ಕನ್ನಡದ ಗರಡಿ ದೊಡ್ಡದು.

1978ರಲ್ಲಿ ‘ಮಾತು ತಪ್ಪದ ಮಗ’, 1981ರಲ್ಲಿ ‘ಗೀತಾ’, 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’. ಕನ್ನಡದಿಂದ ಕಲಿತ ವಿದ್ಯೆ ಕನ್ನಡಕ್ಕೇ ಮರಳಿತು. ನಾನು ಮೋಹಿಸಿದ ರಾಗವೂ ಅಲ್ಲಿಗೇ ನಿಲ್ಲಲಿಲ್ಲ. 1984ರಲ್ಲಿ ‘ನೂರಾವದು ನಾಳ್’ ಎಂಬ ತಮಿಳು ಚಿತ್ರದಲ್ಲಿ ಅದೇ ರಾಗ ತಮಿಳು ಮಾತು ತೊಟ್ಟಿತು. 2007ರಲ್ಲಿ ‘ಚೀನಿ ಕಮ್’ ಚಿತ್ರದಲ್ಲಿ ಹಿಂದಿಯಾಯಿತು. ಅಂದರೆ ಮೊದಲು ಕನ್ನಡ, ಮೂರು ವರ್ಷದ ಮೇಲೆ ತಮಿಳು. ಕಣಿವೆಯ ಮಗ ಕಟ್ಟಿದ ರಾಗವನ್ನು ಕಣಿವೆಯವರು ತಮಿಳಿನಲ್ಲಿ ಕೇಳಿದ್ದು ನಾವು ಅದನ್ನು ಕೇಳಿ ಹುಚ್ಚರಾದ ಮೇಲೆ!

ಕಂಬಂನಲ್ಲಿ ಒಂದು ಸಂಜೆ

ನಿವೃತ್ತಿಯಾದ ಮೇಲೆ ಒಮ್ಮೆ ಆ ಕಡೆ ಹೋಗಿಬಂದೆ. ಕಾಸರಗೋಡಿನಿಂದ ರೈಲಿನಲ್ಲಿ ಕೋಟ್ಟಯಂ, ಅಲ್ಲಿಂದ ಬಸ್ಸಿನಲ್ಲಿ ಕುಮಳಿ, ಘಟ್ಟವಿಳಿದು ಕಂಬಂ. ಮರುದಿನ ಉತ್ತಮಪಾಳೆಯದ ಮೇಲಿಂದ ಪಣ್ಣೈಪುರಕ್ಕೆ ಹೋದೆ. ಹಿಂದೆ ಬೆಟ್ಟದ ಗೋಡೆ, ಮುಂದೆ ಹೊಲ, ತೋಟ. ಕೆಲಸ ಮಾಡುವವರ ಫೋನುಗಳಲ್ಲಿ ಅವರದೇ ಊರಿನವನ ಹಾಡುಗಳು. ಅಷ್ಟು ನೋಡಿ ಕಂಬಕ್ಕೆ ಮರಳಿದೆ.

ಅಲ್ಲಿ ಪರಿಚಯದವರೊಬ್ಬರು ಒಂದು ಕನ್ನಡದ ಮನೆಗೆ ಕರೆದೊಯ್ದರು. ಜಗಲಿಯಲ್ಲಿ ಎಂಬತ್ತು ದಾಟಿದ ಅಜ್ಜಿ ಕುಳಿತಿದ್ದರು. ನಾನು ಕನ್ನಡದಲ್ಲಿ ಮಾತಾಡಿದ ಕೂಡಲೇ ಅವರ ಮುಖ ಅರಳಿತು. ಆದರೆ ನನ್ನ ಪುಸ್ತಕದ ಕನ್ನಡ ಅವರಿಗೆ ಪೂರ್ತಿ ಹಿಡಿಸಲಿಲ್ಲ. ಅವರ ಕನ್ನಡದ ಏರಿಳಿತ ತಮಿಳಿನದು. ಅಡುಗೆ, ಹಟ್ಟಿ, ಹೊಲ, ನೆಂಟಸ್ತಿಕೆಗಳ ಮಾತೆಲ್ಲ ಕನ್ನಡ. ಶಾಲೆ, ಅಂಗಡಿ, ಕಚೇರಿಗಳ ಮಾತು ಬಂದಾಗ ತಮಿಳು ತಾನೇ ಬಂದು ಕೂರುತ್ತಿತ್ತು. ನಿಧಾನಕ್ಕೆ ಇಬ್ಬರೂ ನಡುದಾರಿಯಲ್ಲಿ ಸಂಧಿಸಿದೆವು.

ಹಾಡಿನ ಮಾತು ಬಂತು. ಅವರ ಮೊಮ್ಮಗ ಫೋನಿನಲ್ಲಿ ಆ ರಾಗದ ತಮಿಳು ರೂಪವನ್ನು ಹಾಕಿದ. ಅಜ್ಜಿಗೆ ಅದು ಗೊತ್ತಿತ್ತು. ಇದು ಮೊದಲು ನಮ್ಮ ಮಾತಿನಲ್ಲಿ ಬಂದ ಹಾಡು ಎಂದೆ. ಹುಡುಗ ನಂಬಲಿಲ್ಲ. ನನ್ನ ಕಂಠ ಹಾಡಿಗೆ ಹೇಳಿಸಿದ್ದಲ್ಲ, ಆದರೂ ಹಾಡಿದೆ. ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ, ಮೆಲ್ಲಗೆ ಹೇಳಿ ಎಂದರು. ಒಂದೊಂದು ಮಾತನ್ನೂ ಬಾಯಲ್ಲಿ ಆಡಿಸಿ, ತಿಳಿದದ್ದಕ್ಕೆ ತಲೆಯಾಡಿಸಿ, ತಿಳಿಯದ್ದನ್ನು ಕೇಳಿದರು. ಸಿನೆಮಾದ ಹಾಡು ಮನೆಯ ಮಾತಿನಲ್ಲಿರುವುದು ಅವರಿಗೆ ಒಂದು ಸೋಜಿಗವಾಗಿತ್ತು.

ಆಮೇಲೆ ಅವರು ಕೇಳಿದ ಮಾತು ನನ್ನಲ್ಲಿ ಈಗಲೂ ಉಳಿದಿದೆ. “ನಮ್ಮ ಮಾತಿಗೆ ಎಳುತ್ತು ಉಂಟಾ?”

ಎಳುತ್ತು ಎಂದರೆ ಬರಹ, ಅಕ್ಷರ. ಮಲೆಯಾಳ ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಚೀಲದಿಂದ ಒಂದು ಹಾಳೆ ತೆಗೆದು ಆ ಹಾಡಿನ ಮೊದಲ ಮಾತನ್ನು ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟೆ. ಅಜ್ಜಿ ಅದರ ಮೇಲೆ ಬೆರಳಾಡಿಸಿ ನೋಡಿದರು. ಹಾಳೆಯನ್ನು ಮಡಚಿ ಎಲೆಯಡಕೆಯ ಚೀಲದಲ್ಲಿಟ್ಟುಕೊಂಡರು. ತನ್ನ ಜೀವಮಾನವಿಡೀ ಆಡಿದ ಮಾತಿನ ರೂಪವನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು.

ಬಸ್ಸಿನಲ್ಲಿ ಮರಳುವಾಗ ನಾನು ಎರಡು ಬಗೆಯಾಗಿ ಯೋಚಿಸಿದೆ. ಶಾಲೆಯಿಲ್ಲದೆ, ಪತ್ರಿಕೆಯಿಲ್ಲದೆ, ಆಕಾಶವಾಣಿಯಿಲ್ಲದೆ ಇಷ್ಟು ತಲೆಮಾರು ಒಂದು ಭಾಷೆ ಅಡುಗೆಮನೆಯಲ್ಲಿ ಉಳಿದುಬಂದಿತಲ್ಲ ಎಂಬುದು ಒಂದು. ಆ ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡಿದ ಮೊಮ್ಮಗ ತನ್ನ ಓರಗೆಯವರೊಡನೆ ತಮಿಳಿನಲ್ಲೇ ಮಾತಾಡಿದ ಎಂಬುದು ಇನ್ನೊಂದು. ಅವನು ಮೋಹಿಸಲು ಅವನ ಮನೆಮಾತಿನಲ್ಲಿ ಒಂದು ಹಾಡೂ ಅವನ ಕೈಗೆ ಸಿಕ್ಕಿರಲಿಲ್ಲ.

ಮನೆಯ ಬಾಗಿಲಲ್ಲಿ

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಹಾಡು ಕೇಳಿದರೆ ಮನೆ ಬದಲಾಗುತ್ತದೆಯೆ?

ನನಗೆ ತೋರಿದ್ದು ಇದು. ಮಲೆಯಾಳದ ಹಾಡಿಗೆ ಮನಸೋತರೆ ಕನ್ನಡದ ಮನೆ ಕುಸಿಯುವುದಿಲ್ಲ. ರಾಗ ಎಲ್ಲಿಂದ ಬಂತು, ವಾದ್ಯ ಯಾರದು ಎಂದು ಬಾಗಿಲಲ್ಲಿ ನಿಂತು ವಿಚಾರಿಸುತ್ತ ಹೋದರೆ ನನ್ನ ‘ಗೀತಾ’ವೂ ಒಳಗೆ ಬರುವಂತಿರಲಿಲ್ಲ. ಆದರೆ ಆ ಹಾಡು ನನ್ನ ಕನ್ನಡವನ್ನು ಅಳಿಸಲಿಲ್ಲ, ಇನ್ನಷ್ಟು ಆಳಕ್ಕಿಳಿಸಿತು. ಶಾಲೆಯಲ್ಲಿ ಅಂಕಕ್ಕಾಗಿ ಕಲಿತ ಭಾಷೆಯನ್ನು ನಾನು ಸುಖಕ್ಕಾಗಿ ಬಾಯಲ್ಲಿ ಆಡಿಸಿದ್ದು ಅದರಿಂದಲೇ. ಅಪ್ಪಣೆಯಿಂದ ಯಾವ ಮಗುವೂ ಮನೆಮಾತನ್ನು ಪ್ರೀತಿಸಿದ್ದಿಲ್ಲ. ನಮ್ಮ ಮಕ್ಕಳು ಮೋಹಿಸಬಲ್ಲ ಹಾಡು ನಮ್ಮ ಭಾಷೆಯಲ್ಲೂ ಇರಬೇಕು, ಅದು ಅವರ ಕಿವಿಗೆ ಬೀಳಬೇಕು, ಬಿದ್ದದ್ದನ್ನು ಓದಿ ಬರೆಯುವ ಅಕ್ಷರ ಅವರ ಕೈಯಲ್ಲಿರಬೇಕು. ಕಂಬಂನ ಹುಡುಗನಿಗೆ ಈ ಮೂರೂ ಇರಲಿಲ್ಲ. ನಮ್ಮ ಮಕ್ಕಳಿಗೆ ಮೂರೂ ಇವೆ. ನಮ್ಮಲ್ಲಿ ಕನ್ನಡ ಶಾಲೆಗಳಿವೆ; ಹಾಗಿದ್ದೂ ಮೊಮ್ಮಕ್ಕಳನ್ನು ಇಂಗ್ಲಿಷ್ ಬಸ್ಸಿಗೆ ಹತ್ತಿಸಿ, ಸಂಜೆ ಅವರ ಕಿವಿಯ ತಂತಿಯ ಮೇಲೆ ಸಿಟ್ಟಾಗುವವರು ನಾವೇ. ನಾನೂ ಅವರಲ್ಲೊಬ್ಬ.

ಹಾಗಾಗಿ ರಾಜಿ ಮಾಡಿಕೊಂಡೆ. ಮೊದಲು ನಾನು ‘ನಡ ನಡ’ವನ್ನು ಪೂರ್ತಿ ಕೇಳಿದೆ. ಹಿಂದೆ ಕೊಚ್ಚಿಯ 13 ಎ.ಡಿ. ಎಂಬ ತಂಡದವರು ಇಂಗ್ಲಿಷಿನಲ್ಲೇ ರಾಕ್ ಹಾಡುತ್ತಿದ್ದರಂತೆ. ಈ ಅವಿಯಲಿನವರು ಅದೇ ಅಬ್ಬರವನ್ನು ತಮ್ಮ ತಾಯಿನುಡಿಗೆ ತಂದು, 2008ರಲ್ಲಿ ಒಂದು ಇಡೀ ಆಲ್ಬಮ್ ಮಾಡಿದರು. ಮೊಮ್ಮಗಳು ಮಾತುಗಳನ್ನು ಬಿಡಿಸಿ ಹೇಳಿದಳು. ಅಬ್ಬರದ ಒಳಗೆ ಹಳ್ಳಿಯ ಹಾಡೊಂದು ಕುಳಿತಂತೆ ನನಗೆ ಕೇಳಿಸಿತು. ಅದನ್ನು ಹೇಳಿದಾಗ ಅವಳಿಗೆ ಹಿಗ್ಗು. ಅದೇ 2008ರಲ್ಲಿ ರಘು ದೀಕ್ಷಿತ್ ಎಂಬವರು ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿಗೆ ಹೊಂದಿಸಿ ಹಾಡಿದ್ದನ್ನು ಹುಡುಕಿ ಅವಳಿಗೆ ಕೇಳಿಸಿದೆ. 1889ರಲ್ಲಿ ತೀರಿಕೊಂಡ ಶರೀಫಜ್ಜ ಇಷ್ಟು ಜೋರಾಗಿ ಹಾಡುತ್ತಿದ್ದರೆ ಎಂದು ಕೇಳಿದಳು.

ಕೊನೆಗೆ ‘ಗೀತಾ’. ಕ್ಯಾಸೆಟ್ಟು ಎಂದೋ ಹಾಳಾಗಿದೆ. ಅವಳ ಫೋನಿನಲ್ಲೇ ಹುಡುಕಿದೆವು. ಅದನ್ನು ಮಾಡಿದವರಲ್ಲಿ ಶಂಕರನಾಗ್ 1990ರಲ್ಲಿ, ಉದಯಶಂಕರ್ 1993ರಲ್ಲಿ, ಬಾಲಸುಬ್ರಹ್ಮಣ್ಯಂ 2020ರಲ್ಲಿ ಹೋದರು. ಪಣ್ಣೈಪುರದ ರಾಸಯ್ಯ 2025ರ ಮಾರ್ಚಿನಲ್ಲಿ ತಮ್ಮ ಸಿಂಫನಿಯನ್ನು ಲಂಡನ್ನಿನಲ್ಲಿ ನುಡಿಸಿ ಬಂದರು. ಇದನ್ನೆಲ್ಲ ಅವಳಿಗೆ ಹೇಳುವ ಹೊತ್ತಿಗೆ ಹಾಡು ಮುಗಿದಿತ್ತು. ಅವಳು ಏನೂ ಹೇಳದೆ ಇನ್ನೊಮ್ಮೆ ಹಾಕಿದಳು. ಗಿಟಾರು ಚೆನ್ನಾಗಿದೆ ಎಂದಳು.

ಮರುದಿನ ಅವಳ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಆ ಹಾಡಿನ ಮಾತುಗಳಿದ್ದವು, ಇಂಗ್ಲಿಷ್ ಅಕ್ಷರಗಳಲ್ಲಿ. ನಾನು ಕಂಬಂನ ಅಜ್ಜಿಯ ಕತೆ ಹೇಳಿದೆ. ಬೈಯಲಿಲ್ಲ. ಅವಳು ಸ್ವಲ್ಪ ಹೊತ್ತು ಕುಳಿತಿದ್ದು, ಪಕ್ಕದ ಪುಟದಲ್ಲಿ ಅದನ್ನೇ ಕನ್ನಡದಲ್ಲಿ ಬರೆಯತೊಡಗಿದಳು. ಒತ್ತಕ್ಷರ ಬಂದಲ್ಲೆಲ್ಲ ನನ್ನನ್ನು ಕೇಳಿದಳು. ಎರಡು ತಪ್ಪುಗಳಿದ್ದವು, ಒಂದನ್ನು ತಿದ್ದಿದೆ, ಇನ್ನೊಂದನ್ನು ಅವಳೇ ಕಂಡುಕೊಂಡಳು.